ಬೆಟ್ಟದ ಮೇಲಲ್ಲ, ಬುಡದಲ್ಲಿ ಕಟ್ಟಿ

ಹತ್ತಿಬೇಟಕ್ಕೆ ಒಂದು ಪ್ರವಾಸಿ ಕೇಂದ್ರ ಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದು ಗುಡ್ಡದ ನೆತ್ತಿಯ ಮೇಲೆ ಬರಬಾರದು. ಬುಡದಲ್ಲಿ, ದೇವರ್ಜನ ಊರಿನ ಮಗ್ಗುಲಲ್ಲಿ, ಬಸ್ಸು ನಿಲ್ಲುವ ಕಡೆ ಬರಬೇಕು. ಕಟ್ಟುವ ಮುಂಚೆ ಜನರ ಎಣಿಕೆ ಆಗಬೇಕು. ಕಟ್ಟಿದ ಮೇಲೆ ಹತ್ತು ವರ್ಷ ನೀರು, ಕರೆಂಟು, ಕಸ ಗುಡಿಸುವವರ ಪಗಾರ ಇವಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ ಅನ್ನುವುದನ್ನು ನಕ್ಷೆ ಬರೆಯುವ ಮೊದಲೇ ಬರೆದಿಟ್ಟಿರಬೇಕು.

ಹತ್ತಿಬೇಟ ಇರುವುದು ಲಾತೂರ ಜಿಲ್ಲೆಯ ಉದಗೀರ ತಾಲ್ಲೂಕಿನಲ್ಲಿ. ಕರಿಮಣ್ಣಿನ ಹೊಲಗಳ ನಡುವೆ ಎದ್ದು ನಿಂತ ಗುಡ್ಡ. ಗುಹೆಗಳಿವೆ, ಗಂಗಾರಾಮ ಮಹಾರಾಜರ ಸಮಾಧಿಯಿದೆ. ನಿಜಾಮರ ಕಾಲದ ಕೊನೆಯಲ್ಲಿ ರಜಾಕಾರರ ವಿರುದ್ಧ ಬಂದೂಕು ಹಿಡಿದ ರೈತರಿಗೆ ಈ ಗುಡ್ಡವೇ ಆಸರೆಯಾಗಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಹಾರಾಷ್ಟ್ರ ಸರಕಾರ ಇದಕ್ಕೆ ‘ಬ’ ವರ್ಗದ ಪ್ರವಾಸಿ ತಾಣದ ದರ್ಜೆ ಕೊಟ್ಟಿದೆ. ಮೊದಲ ಮಳೆ ಬಿದ್ದು ಹದಿನೈದು ದಿನವಾದರೆ ಸಾಕು, ಗುಡ್ಡ ಹಸಿರು ಹೊದ್ದು ನಿಲ್ಲುತ್ತದೆ, ಸುತ್ತಲ ನಾಲ್ಕಾರು ತಾಲ್ಲೂಕಿನ ಜನ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಭಾಲ್ಕಿ, ಕಮಲನಗರ, ಔರಾದ ಕಡೆಯವರೂ ಅದರಲ್ಲಿರುತ್ತಾರೆ.

ನನ್ನ ಊರು ವಲಾಂಡಿ. ಮನೆಯಲ್ಲಿ ಕನ್ನಡ, ಅಂಗಡಿ ಮತ್ತು ಕಚೇರಿಯಲ್ಲಿ ಮರಾಠಿ. ದುಡಿದದ್ದು ಮಹಾರಾಷ್ಟ್ರದ ಸರಕಾರಿ ಬಸ್ಸು ಸಂಸ್ಥೆಯಾದ ಎಸ್‌ಟಿಯಲ್ಲಿ, ಕಂಡಕ್ಟರಾಗಿ. ಈಗ ನಿವೃತ್ತ. ಕಟ್ಟಡ ಕಟ್ಟುವುದು ನನಗೆ ಗೊತ್ತಿಲ್ಲ. ಆದರೆ ಬಸ್ಸಿನಿಂದ ಇಳಿದ ಮನುಷ್ಯ ಮೊದಲ ಹತ್ತು ನಿಮಿಷ ಏನು ಹುಡುಕುತ್ತಾನೆ ಅನ್ನುವುದನ್ನು ಇಡೀ ನೌಕರಿಯುದ್ದಕ್ಕೂ ನೋಡಿದ್ದೇನೆ. ಅವನು ಹುಡುಕುವುದು ನೀರು, ನೆರಳು, ಮೂತ್ರಿಖಾನೆ ಮತ್ತು ವಾಪಸು ಬಸ್ಸಿನ ವೇಳೆ. ಅವಳು ಹುಡುಕುವುದೂ ಅದನ್ನೇ, ಆದರೆ ಕೇಳಲು ಹಿಂಜರಿಯುತ್ತಾಳೆ.

ಎಣಿಕೆಯ ಮಾತು ಯಾಕೆ ತೆಗೆದೆ ಅಂದರೆ, ಪ್ರವಾಸಿ ತಾಣಗಳ ಯೋಜನೆ ಮಾಡುವವರು ಬಹುತೇಕ ಕಾರು ಎಣಿಸುತ್ತಾರೆ. ಪಾರ್ಕಿಂಗಿಗೆ ಎಷ್ಟು ಜಾಗ, ಕಾರಿನವರು ಎಷ್ಟು ಖರ್ಚು ಮಾಡಿಯಾರು, ಅವರಿಗೆ ಎಂಥ ಹೋಟೆಲು ಬೇಕು ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಕಡೆಯ ಗುಡ್ಡ, ಗುಡಿ, ಹೊಳೆಗಳಿಗೆ ಬರುವವರಲ್ಲಿ ಬಸ್ಸಿನವರು, ಟೆಂಪೋದವರು, ಒಂದೇ ಬೈಕಿನಲ್ಲಿ ಮೂವರಾಗಿ ಬರುವ ಹುಡುಗರು ಬಹಳ. ಇವರ ಲೆಕ್ಕ ಎಲ್ಲಿದೆ? ಡಿಪೋದಲ್ಲಿದೆ. ಮೊದಲು ವೇಬಿಲ್ಲಿನಲ್ಲಿ ಇರುತ್ತಿತ್ತು, ಈಗ ಟಿಕೆಟ್ ಮಷೀನಿನಲ್ಲಿ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸ್ಟೇಜಿನಲ್ಲಿ ಎಷ್ಟು ಜನ ಇಳಿದರು, ಅದರಲ್ಲಿ ಅರ್ಧ ಟಿಕೆಟ್ ಎಷ್ಟು, ಹಿರಿಯರು ಎಷ್ಟು, ಎಲ್ಲವೂ ಅದರಲ್ಲಿ ಇಳಿದಿರುತ್ತದೆ. ಒಂದು ವರ್ಷದ ದೇವರ್ಜನ ಸ್ಟೇಜಿನ ಲೆಕ್ಕ ತೆಗೆಸಿದರೆ ಶ್ರಾವಣದ ಸೋಮವಾರ ಎಷ್ಟು, ಡಿಸೆಂಬರಿನ ಶಾಲಾ ಸಹಲಿನ, ಅಂದರೆ ಪ್ರವಾಸದ, ದಿನ ಎಷ್ಟು, ಏಪ್ರಿಲಿನ ಬಿಸಿಲಲ್ಲಿ ಎಷ್ಟು ಅನ್ನುವುದು ತಿಳಿಯುತ್ತದೆ. ಇದಕ್ಕೆ ದೊಡ್ಡ ಸಲಹೆಗಾರ ಕಂಪನಿ ಬೇಕಿಲ್ಲ. ಒಬ್ಬ ಗುಮಾಸ್ತ ಮತ್ತು ಎರಡು ದಿನ ಸಾಕು. ಬೈಕು, ಟೆಂಪೋಗಳಿಗೆ ಮಾತ್ರ ರಸ್ತೆಯ ಬದಿ ಒಬ್ಬ ಹುಡುಗನನ್ನು ಕೂರಿಸಬೇಕಾಗುತ್ತದೆ.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಬಸ್ಸಿನೊಳಗಿನ ಮುಖಗಳೇ ಬದಲಾದವು. 2022ರ ಆಗಸ್ಟ್‌ನಿಂದ ಎಸ್‌ಟಿಯಲ್ಲಿ 75 ದಾಟಿದವರಿಗೆ ಟಿಕೆಟ್ ಇಲ್ಲ. 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೆಟ್. ಅದೇ ವರ್ಷ ಜೂನಿನಲ್ಲಿ ಕರ್ನಾಟಕದೊಳಗೆ ಶಕ್ತಿ ಯೋಜನೆ ಶುರುವಾಯಿತು, ಆಚೆಯ ಹೆಂಗಸರೂ ಗಡಿಯವರೆಗೆ ಪುಕ್ಕಟೆ ಬರತೊಡಗಿದರು. ಮೊದಲು ಗಂಡಸರು ಮತ್ತು ಹುಡುಗರು ಹೋಗುತ್ತಿದ್ದ ಕಡೆ ಈಗ ಅಜ್ಜಿ, ಸೊಸೆ, ಮೊಮ್ಮಕ್ಕಳು ಒಟ್ಟಾಗಿ ಹೋಗುತ್ತಾರೆ. ಇದು ನನಗೆ ಬಹಳ ಸಂತೋಷ ಕೊಟ್ಟ ಬದಲಾವಣೆ. ಹೊಲ ಮತ್ತು ಒಲೆ ಬಿಟ್ಟು ಬೇರೆ ಕಡೆ ಕಾಲಿಡದ ಹೆಂಗಸರು ಕಿಟಕಿ ಪಕ್ಕ ಕೂತು ಊರುಗಳ ಹೆಸರು ಕೇಳುತ್ತಿದ್ದರು.

ಈ ಅಜ್ಜಿಯರು ಗುಡ್ಡ ಹತ್ತಲಾರರು. ಮೊಮ್ಮಕ್ಕಳು ಮೇಲೆ ಹೋಗಿ ಬರುವ ಎರಡು ಮೂರು ತಾಸು ಅವರು ಕೆಳಗೆ ಕಾಯುತ್ತಾರೆ. ಗಿಡದ ಬುಡದಲ್ಲೋ, ಟೆಂಪೋದ ನೆರಳಲ್ಲೋ, ಚೀಲಗಳನ್ನು ಕಾಯುತ್ತ. ಕೇಂದ್ರವನ್ನು ನೆತ್ತಿಯ ಮೇಲೆ ಕಟ್ಟಿದರೆ ಅದು ಯಾರಿಗೆ ಅತ್ಯಂತ ಬೇಕೋ ಅವರಿಗೇ ಸಿಗುವುದಿಲ್ಲ. ಬುಡದಲ್ಲಿ ಕಟ್ಟಿ, ಗುಡ್ಡ ಪೂರ್ತಿ ಕಾಣುವ ಹಾಗೆ ಒಂದು ಅಗಲ ಪಡಸಾಲೆ ಬಿಟ್ಟರೆ, ಹತ್ತಲಾಗದವರೂ ಹತ್ತಿಬೇಟ ನೋಡಿದೆವು ಅಂದುಕೊಂಡು ಮನೆಗೆ ಹೋಗುತ್ತಾರೆ. ಒಳಗೆ ಗುಹೆಗಳ ಚಿತ್ರ ಇಡಿ, ಮೇಲಿನಿಂದ ಕಾಣುವ ನೋಟದ ದೊಡ್ಡ ಫೋಟೋ ಇಡಿ.

ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಶಾಲೆಯ ಹೆಣ್ಣುಮಕ್ಕಳು. ಸಹಲಿಗೆ ಎಸ್‌ಟಿ ರಿಯಾಯಿತಿ ದರದಲ್ಲಿ ಬಸ್ಸು ಕೊಡುತ್ತದೆ. ಚಳಿಗಾಲದಲ್ಲಿ ಅಂಥ ಬಸ್ಸುಗಳ ಜೊತೆ ಹೋಗುತ್ತಿದ್ದೆ. ಹುಡುಗರು ದಾರಿಯುದ್ದಕ್ಕೂ ಬಾಟಲಿ ಖಾಲಿ ಮಾಡುತ್ತಿದ್ದರು. ಏಳನೇ, ಎಂಟನೇ ಇಯತ್ತೆಯ ಹುಡುಗಿಯರ ಬಾಟಲಿಗಳು ಸಂಜೆಯವರೆಗೂ ತುಂಬಿಯೇ ಇರುತ್ತಿದ್ದವು. ಒಮ್ಮೆ ಒಬ್ಬ ಶಿಕ್ಷಕಿಯನ್ನು ಕೇಳಿದೆ. “ಹೋಗೋದು ಎಲ್ಲಿಗೆ ಅಣ್ಣಾ, ಅದಕ್ಕೇ ಮುಂಜಾನೆಯಿಂದ ನೀರೇ ಕುಡಿಯಂಗಿಲ್ಲ ಅವು” ಅಂದರು. ತಾವೂ ಕುಡಿದಿಲ್ಲ ಅಂದರು. ಬಿಸಿಲಲ್ಲಿ ನಡೆದು, ಮೆಟ್ಟಿಲು ಹತ್ತಿ, ನೀರು ಕುಡಿಯದೆ ಮನೆ ಮುಟ್ಟುವ ಮಕ್ಕಳಿಗೆ ನಾವು ಯಾವ ಪ್ರವಾಸ ತೋರಿಸಿದ ಹಾಗಾಯಿತು? ಮಾಹಿತಿ ಫಲಕ, ಸೆಲ್ಫಿ ಪಾಯಿಂಟು, ಕಾರಂಜಿ ಇವೆಲ್ಲ ಆಮೇಲೆ. ಬಾಗಿಲಿಗೆ ಚಿಲಕ ಇರುವ, ಒಳಗೆ ನೀರು ಬರುವ, ಕತ್ತಲಿಲ್ಲದ ಹೆಂಗಸರ ಶೌಚಾಲಯ ಯೋಜನೆಯ ಮೊದಲ ಸಾಲಿನಲ್ಲಿ ಇರಬೇಕು. ಗಂಡಸರಿಗೆ ಇರುವುದಕ್ಕಿಂತ ಹೆಂಗಸರಿಗೆ ಹೆಚ್ಚು ಖೋಲಿ ಬೇಕು, ಏಕೆಂದರೆ ಅವರಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ ಮತ್ತು ಅವರ ಕೈಯಲ್ಲಿ ಕೂಸು ಇರುತ್ತದೆ.

ನೀರು ಎಲ್ಲಿಂದ ಎಂದು ಕೇಳುವವರ ಪ್ರಶ್ನೆ ಸರಿಯಾದದ್ದೇ. ನಮ್ಮ ಜಿಲ್ಲೆಗೆ 2016ರ ಏಪ್ರಿಲಿನಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಮೊದಲ ರೈಲು ತಂದದ್ದು 10 ವ್ಯಾಗನ್, 5 ಲಕ್ಷ ಲೀಟರ್. ಅದನ್ನು ನೋಡಿದ ಜಿಲ್ಲೆ ನೀರಿಲ್ಲದ ಕಟ್ಟಡವನ್ನು ಇನ್ನೊಮ್ಮೆ ಕಟ್ಟಬಾರದು. ಲೆಕ್ಕ ಕಷ್ಟದ್ದೇನಲ್ಲ. ಒಬ್ಬರಿಗೆ 5 ಲೀಟರ್ ಹಿಡಿದರೂ ಸಾವಿರ ಜನ ಬಂದ ದಿನ 5 ಸಾವಿರ ಲೀಟರ್ ಬೇಕು. 200 ಚದರ ಮೀಟರಿನ ಛಾವಣಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ 1 ಲಕ್ಷ 40 ಸಾವಿರ ಲೀಟರ್ ಆಯಿತು. ಸೋರಿದ್ದು, ಆರಿದ್ದು ಬಿಟ್ಟರೂ ಲಕ್ಷ ಲೀಟರ್ ಕೈಗೆ ಹತ್ತುತ್ತದೆ, ಅಂದರೆ ಅಂಥ ಇಪ್ಪತ್ತು ಗದ್ದಲದ ದಿನಗಳ ನೀರು. ಅದಕ್ಕೆ ಛಾವಣಿಯಷ್ಟೇ ಮಹತ್ವ ನೆಲದಡಿಯ ಟಾಕಿಗೂ ಕೊಡಬೇಕು. ಬುಡದಲ್ಲಿ ಕಟ್ಟುವುದಕ್ಕೆ ಇದು ಇನ್ನೊಂದು ಕಾರಣ. ಗುಡ್ಡದ ಮೇಲೆ ಪಂಪು ಹಚ್ಚಿ ಏರಿಸಿದ ನೀರು ಪಂಪು ಕೆಟ್ಟ ದಿನ ನಿಲ್ಲುತ್ತದೆ. ಆಮೇಲೆ ಮೇಲಿನ ಶೌಚಾಲಯದ ಗತಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಣ ಸುರಿದು ಕಟ್ಟಿದ್ದು ಹೇಗೆ ನಿಂತುಹೋಗುತ್ತದೆ ಅನ್ನುವುದಕ್ಕೆ ನಮ್ಮ ಮರಾಠವಾಡದಲ್ಲೇ ದೊಡ್ಡ ಉದಾಹರಣೆ ಇದೆ. ಜಪಾನಿನ ಸಾಲದ ಹಣದಲ್ಲಿ ಅಜಂತಾ ಮತ್ತು ಎಲ್ಲೋರಾದಲ್ಲಿ ಭವ್ಯ ಪ್ರವಾಸಿ ಕೇಂದ್ರಗಳನ್ನು ಕಟ್ಟಿ 2013ರಲ್ಲಿ ತೆರೆದರು. ಅಜಂತಾದ ಕೇಂದ್ರ ಇರುವುದು ಫರ್ದಾಪುರದ ಹತ್ತಿರ, ಗುಹೆಗಳಿಂದ ಸುಮಾರು 4 ಕಿಲೋಮೀಟರ್ ದೂರದಲ್ಲಿ. ಅದರೊಳಗೆ 1, 2, 16 ಮತ್ತು 17ನೇ ಗುಹೆಗಳ ಪ್ರತಿಕೃತಿಗಳನ್ನೇ ನಿರ್ಮಿಸಿದರು. ಯೋಚನೆ ಬಹಳ ಒಳ್ಳೆಯದು. ನಿಜವಾದ ಚಿತ್ರಗಳ ಮುಂದೆ ಜನರ ಉಸಿರು, ತೇವ, ನೂಕುನುಗ್ಗಲು ಕಡಿಮೆಯಾಗಲಿ, ಬೇಕಾದಷ್ಟು ಹೊತ್ತು ಇಲ್ಲಿ ನಿಂತು ನೋಡಲಿ ಎಂದು. ವಾಹನಗಳನ್ನು ಅಲ್ಲೇ ನಿಲ್ಲಿಸಿ ಮುಂದಕ್ಕೆ ಬಸ್ಸಿನಲ್ಲಿ ಕರೆದೊಯ್ಯುವ ವ್ಯವಸ್ಥೆ ಇಂದಿಗೂ ನಡೆಯುತ್ತಿದೆ, ಗುಹೆಗಳ ಬಾಗಿಲಲ್ಲಿ ಹೊಗೆ ಮತ್ತು ಹಾರ್ನು ಇಲ್ಲದಿರುವುದು ಅದರ ಪುಣ್ಯ. ಆದರೆ ಕೇಂದ್ರದ ಕಟ್ಟಡ ಕೆಲವೇ ವರ್ಷಗಳಲ್ಲಿ ನೀರಿನ ಮತ್ತು ವಿದ್ಯುತ್ತಿನ ಬಿಲ್ಲು ಬಾಕಿ ಉಳಿದು ಬಾಗಿಲು ಹಾಕಿತು. ಎಲ್ಲೋರಾದ್ದೂ ಅದೇ ಕಥೆ. ಸಾಲ ತಂದು ಕಟ್ಟಲು ಹಣವಿತ್ತು, ತಿಂಗಳ ಬಿಲ್ಲಿಗೆ ಇರಲಿಲ್ಲ. ಕಟ್ಟಡದ ಖರ್ಚು ಒಂದು ಸಲ ಮುಗಿಯುತ್ತದೆ, ನಡೆಸುವ ಖರ್ಚು ಕೂಸಿನ ಹೊಟ್ಟೆಯ ಹಾಗೆ ದಿನವೂ ಕೇಳುತ್ತದೆ.

ಜಗತ್ತಿಗೇ ಗೊತ್ತಿರುವ ಅಜಂತಾದ ಪಾಡು ಇದಾದರೆ ಹತ್ತಿಬೇಟದಂಥ ಸಣ್ಣ ತಾಣದಲ್ಲಿ ಎಷ್ಟು ಎಚ್ಚರ ಬೇಕು! ಅದಕ್ಕೇ ನಾನು ಸಣ್ಣ ಕೇಂದ್ರವನ್ನೇ ಕೇಳುತ್ತೇನೆ. ಹವಾನಿಯಂತ್ರಣ ಬೇಡ, ಗಾಜಿನ ಗೋಡೆ ಬೇಡ, ಧ್ವನಿ-ಬೆಳಕಿನ ಪ್ರದರ್ಶನ ಬೇಡ. ಹಗಲು ದೀಪ ಹಚ್ಚದೆಯೇ ಬೆಳಕಿರುವ, ಗಾಳಿ ಆಡುವ ಒಂದು ಮನೆ. ಹೀಗಾದರೆ ಮಳಿಗೆಗಳ ಬಾಡಿಗೆ ಮತ್ತು ಪಾರ್ಕಿಂಗಿನ ಹಣದಲ್ಲೇ ಗುಡಿಸುವವರ ಪಗಾರ ಮತ್ತು ಕಾವಲುಗಾರನ ಪಗಾರ ಹೊರಡಬಹುದು. ಹೊರಡದಿದ್ದರೆ ಎಷ್ಟು ಕಡಿಮೆ ಬೀಳುತ್ತದೆ ಅನ್ನುವುದು ಮೊದಲೇ ತಿಳಿದಿರುತ್ತದೆ, ಜಿಲ್ಲಾ ಯೋಜನೆಯ ಹಣದಲ್ಲಿ ಅದಕ್ಕೊಂದು ಸಾಲು ಬರೆಸಬಹುದು. ಗುಡ್ಡ ಹತ್ತಲು ಮಾತ್ರ ಟಿಕೆಟ್ ಇಡಬಾರದು. ಸಮಾಧಿಗೆ ಕೈಮುಗಿಯಲು ಬರುವವರಿಂದ ದುಡ್ಡು ಕೇಳುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇ ಬಗ್ಗೆ ಓದಿದ್ದೇನೆ. ಸಮುದ್ರದ ದಂಡೆಯಲ್ಲಿ ಸುಮಾರು 40 ಸಾವಿರ ಕಲ್ಲಿನ ಕಂಬಗಳು, ನಮ್ಮ ದಖನ್ನಿನ ಕರಿಕಲ್ಲಿನ ಜಾತಿಯದೇ ಕಲ್ಲು. ಅಲ್ಲಿನ ಹಳೆಯ ಪ್ರವಾಸಿ ಕೇಂದ್ರ 2000ದಲ್ಲಿ ಸುಟ್ಟುಹೋಯಿತು. ಹೊಸದನ್ನು ಯಾರು ಕಟ್ಟಬೇಕು, ಖಾಸಗಿಯವರೋ ಸಾರ್ವಜನಿಕ ಟ್ರಸ್ಟೋ ಎಂದು ವರ್ಷಗಟ್ಟಲೆ ಜಗಳವಾಗಿ, ಕೊನೆಗೆ 2012ರಲ್ಲಿ ನ್ಯಾಷನಲ್ ಟ್ರಸ್ಟ್ ಹೊಸ ಕೇಂದ್ರ ತೆರೆಯಿತು. ಅದೇ ಜಾತಿಯ ಕಲ್ಲಿನಿಂದ ಗೋಡೆ, ತಾರಸಿಯ ಮೇಲೆ ಹುಲ್ಲು, ಅರ್ಧ ನೆಲದೊಳಗೆ ಸೇರಿಕೊಂಡ ಹಾಗೆ. ಕಂಬಗಳ ಹತ್ತಿರ ಹೋದವನಿಗೆ ಆ ಕಟ್ಟಡ ಕಣ್ಣಿಗೆ ಅಡ್ಡ ಬರುವುದಿಲ್ಲ. ಕೇಂದ್ರಕ್ಕೂ ಪಾರ್ಕಿಂಗಿಗೂ ಹಣವಿದೆ, ಆದರೆ ನಡೆದು ಬಂದು ಕಲ್ಲು ನೋಡಿ ಹೋಗುವವನಿಗೆ ದಾರಿ ಪುಕ್ಕಟೆ. ಊರ ಕಲ್ಲಿನ, ಕಣ್ಣಿಗೆ ಅಡ್ಡ ಬರದ ಕಟ್ಟಡ ಮತ್ತು ಪುಕ್ಕಟೆ ದಾರಿ, ಈ ಎರಡು ಸಂಗತಿಗಳನ್ನು ಮಾತ್ರ ನಾನು ಅಲ್ಲಿಂದ ತೆಗೆದುಕೊಳ್ಳುತ್ತೇನೆ. ಉಳಿದದ್ದು ಅವರ ಹವೆಗೆ, ಅವರ ಜೇಬಿಗೆ ತಕ್ಕದ್ದು.

ಊರ ಕಲ್ಲಿನಿಂದಲೇ ಗೋಡೆ ಕಟ್ಟಿ ಎಂದು ಹೇಳುವಾಗ ಒಂದು ಮಾತು ಸೇರಿಸಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಕಿಲ್ಲಾರಿಯ ಭೂಕಂಪ ಹತ್ತಿರ ಹತ್ತಿರ 10 ಸಾವಿರ ಜನರನ್ನು ತಿಂದಿತು. ಅವರ ಮೇಲೆ ಬಿದ್ದದ್ದು ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಮಣ್ಣು ಹೇರಿದ ಭಾರದ ಮಾಳಿಗೆಗಳು. ಲಾತೂರ ಜಿಲ್ಲೆಯಲ್ಲಿ ನೂರಾರು ಮಕ್ಕಳು ಸೇರುವ ಕಟ್ಟಡ ಕಟ್ಟುವವರು ಅದನ್ನು ಮರೆಯಬಾರದು. ಒಂದೇ ಅಂತಸ್ತು, ಹಗುರ ಛಾವಣಿ, ಗೋಡೆಯ ಒಳ ಮೈ ಹೊರ ಮೈ ಎರಡನ್ನೂ ಹಿಡಿದಿಡುವ ಉದ್ದ ಕಲ್ಲುಗಳು, ಕಿಟಕಿಯ ಕೆಳಗೂ ಮೇಲೂ ಸುತ್ತ ಕಾಂಕ್ರೀಟಿನ ಪಟ್ಟಿ. ಭೂಕಂಪದ ನಂತರ ಈ ಕೆಲಸ ಕಲಿತ ಗೌಂಡಿಗಳು ನಮ್ಮ ಕಡೆ ಇದ್ದಾರೆ. ಅವರ ಕೈಯಿಂದಲೇ ಕಟ್ಟಿಸಿ.

ಗದ್ದಲದ ದಿನದ ಪಾಠ ಕಲಿಯಲು ನಳದುರ್ಗಕ್ಕೆ ಹೋಗಬೇಕು. ಉಮರ್ಗಾ ದಾಟಿ ಸೋಲಾಪುರದ ಹೆದ್ದಾರಿ ಹಿಡಿದರೆ ಸಿಗುತ್ತದೆ. ಅಲ್ಲಿನ ಕೋಟೆಯಲ್ಲಿ ಬೋರಿ ನದಿಗೆ ಅಡ್ಡಲಾಗಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1613ರಲ್ಲಿ ಕಟ್ಟಿದ ಅಣೆ. ಅಣೆಯ ಹೊಟ್ಟೆಯೊಳಗೇ ಪಾಣಿ ಮಹಲ್. ನದಿ ತುಂಬಿದಾಗ ನರ ಮತ್ತು ಮಾದಿ ಎಂಬ ಎರಡು ದಾರಿಗಳಲ್ಲಿ ನೀರು ಧುಮುಕುತ್ತದೆ, ಒಳಗೆ ನಿಂತವರ ಕಣ್ಣ ಮುಂದೆ ನೀರಿನ ಪರದೆ ಇಳಿಯುತ್ತದೆ. ನಾನು ನೋಡಿದ ಮನುಷ್ಯ ನಿರ್ಮಿತ ಚೆಲುವಿನಲ್ಲಿ ಅದಕ್ಕೆ ಸಾಟಿ ಇನ್ನೊಂದಿಲ್ಲ. 2014ರಲ್ಲಿ ರಾಜ್ಯ ಸರಕಾರ ಈ ಕೋಟೆಯನ್ನು ಸ್ಮಾರಕ ದತ್ತು ಯೋಜನೆಯಲ್ಲಿ ಸೋಲಾಪುರದ ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಿತು. ಮುಳ್ಳುಕಂಟಿ ಹೋಯಿತು, ಹುಲ್ಲುಹಾಸು ಮತ್ತು ದೋಣಿ ಬಂದವು, ಕುಟುಂಬಗಳು ಬರತೊಡಗಿದವು. ಒಳ್ಳೆಯದೇ ಆಯಿತು. ಆದರೆ ನರ-ಮಾದಿ ತುಂಬಿ ಹರಿಯುವುದು ವರ್ಷಕ್ಕೆ ಕೆಲವೇ ದಿನ, ಮಳೆ ಕಡಿಮೆಯಾದ ವರ್ಷ ಅದೂ ಇಲ್ಲ. ನೀರು ಬಿತ್ತು ಎಂದು ಮೊಬೈಲಿನಲ್ಲಿ ವಿಡಿಯೋ ಹರಡಿದ ಮರುದಿನವೇ ಸೋಲಾಪುರ, ಲಾತೂರ, ಕಲಬುರಗಿ, ಬೀದರ ನಾಲ್ಕೂ ಕಡೆಯಿಂದ ಜನ ನುಗ್ಗುತ್ತಾರೆ. ವರ್ಷದ ಸರಾಸರಿ ಹಿಡಿದು ಲೆಕ್ಕ ಹಾಕಿದ ಯಾವ ವ್ಯವಸ್ಥೆಯೂ ಆ ದಿನ ಸಾಲುವುದಿಲ್ಲ. ಹತ್ತಿಬೇಟದಲ್ಲೂ ಶ್ರಾವಣದ ರಜೆಯ ದಿನಗಳಿಗೆ ಬೇರೆಯೇ ಏರ್ಪಾಡು ಬೇಕು. ಆ ದಿನಗಳಿಗೆಂದು ಕಾಂಕ್ರೀಟು ಸುರಿಯಬೇಕಿಲ್ಲ. ಬೀಳುಬಿಟ್ಟ ಹೊಲವನ್ನು ಬಾಡಿಗೆ ಹಿಡಿದು ಗಾಡಿ ನಿಲ್ಲಿಸಬಹುದು, ಸಂಚಾರಿ ಶೌಚಾಲಯ ತರಿಸಬಹುದು, ಉದಗೀರದಿಂದ ಹೆಚ್ಚಿಗೆ ಬಸ್ಸು ಬಿಡಬಹುದು. ಜಾತ್ರೆ ನಡೆಸಿ ಗೊತ್ತಿರುವ ಊರುಗಳಿಗೆ ಇದು ಹೊಸದಲ್ಲ.

ನಳದುರ್ಗದ ಮಗ್ಗುಲಲ್ಲೇ ಮೈಲಾರಪುರವಿದೆ. ಅಲ್ಲಿನ ಖಂಡೋಬನ ಮೂರ್ತಿ ವರ್ಷದ ಒಂದು ಭಾಗ ಅಣದೂರಿನಲ್ಲಿ, ಇನ್ನೊಂದು ಭಾಗ ಇಲ್ಲಿ ಇರುತ್ತದೆ. ಪುಷ್ಯ ಹುಣ್ಣಿಮೆಯ ಜಾತ್ರೆಯಲ್ಲಿ ‘ಏಳುಕೋಟಿ’ ಎನ್ನುವವರೂ ‘ಯಳಕೋಟ’ ಎನ್ನುವವರೂ ಒಂದೇ ಭಂಡಾರ ಹಚ್ಚಿಕೊಂಡು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿ ಇಳಿದ ಎಷ್ಟೋ ಜನ “ಕಂಡಕ್ಟರ್, ಇಲ್ಲೇನ್ ಬರದಾರ್ರೀ?” ಎಂದು ನನ್ನನ್ನು ಕೇಳಿದ್ದಾರೆ. ಓದಲು ಬಾರದವರಲ್ಲ ಅವರು, ಕನ್ನಡ ಓದಬಲ್ಲವರು. ನಮ್ಮ ಕಡೆಯೂ ಇದೇ ಸ್ಥಿತಿ, ಏಕೆಂದರೆ ಉದಗೀರ, ನಿಲಂಗಾ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳು ಬೇರೆಯಾದಾಗ ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ನೆಂಟಸ್ತಿಕೆ, ಸಂತೆ, ದೇವರು ಯಾವುದೂ ಅದರ ಜೊತೆ ಬೇರೆಯಾಗಲಿಲ್ಲ. ದೇವಣಿ ಎತ್ತು ಕೊಳ್ಳಲು ಭಾಲ್ಕಿಯ ರೈತ ಇಂದಿಗೂ ಈ ಕಡೆ ಬರುತ್ತಾನೆ. ಆದ್ದರಿಂದ ಹತ್ತಿಬೇಟದ ಕೇಂದ್ರದಲ್ಲಿ ಮರಾಠಿಯ ಪಕ್ಕದಲ್ಲಿ ಕನ್ನಡದ ಫಲಕವೂ ಇರಬೇಕು, ಉರ್ದುವಿನದೂ ಇರಬೇಕು. ಇದನ್ನು ಗಡಿ ಜಗಳದ ಬೇಡಿಕೆ ಎಂದು ಯಾರೂ ತಿಳಿಯಬಾರದು. ಬೀದರ ಜಿಲ್ಲೆಯ ತಾಣಗಳಲ್ಲಿ, ಬಸವಕಲ್ಯಾಣದಲ್ಲಿ, ಮರಾಠಿ ಮಾತಾಡುವ ಯಾತ್ರಿಕರಿಗೂ ಇದೇ ಮರ್ಯಾದೆ ಸಲ್ಲಬೇಕು ಎಂದು ಅಷ್ಟೇ ಜೋರಾಗಿ ಕೇಳುತ್ತೇನೆ. ಬಸ್ಸಿನ ವೇಳಾಪಟ್ಟಿ ಮತ್ತು ಅಪಾಯದ ಸೂಚನೆ, ಅಂದರೆ ಮಳೆಯಲ್ಲಿ ಎಲ್ಲಿ ಕಲ್ಲು ಜಾರುತ್ತದೆ, ಎಲ್ಲಿ ಅಂಚಿಗೆ ಹೋಗಬಾರದು ಎಂಬುದು, ಇವೆರಡಾದರೂ ಮೂರೂ ಭಾಷೆಯಲ್ಲಿ ಇರಲೇಬೇಕು.

ಕೇಂದ್ರದ ಒಳಗೆ ಏನು ಹೇಳಬೇಕು ಅನ್ನುವುದು ನನಗೆ ಬಹಳ ಪ್ರೀತಿಯ ವಿಷಯ. ರಜಾಕಾರರ ಕಾಲದ ಸಂಗತಿಗಳನ್ನು ಕಣ್ಣಾರೆ ಕಂಡವರು ಈಗ 85, 90ರ ಮೇಲಿನವರು. ದೇವರ್ಜನ ಮತ್ತು ಸುತ್ತಲ ಹಳ್ಳಿಗಳಲ್ಲಿ ಕೆಲವರು ಇನ್ನೂ ಉಳಿದಿದ್ದಾರೆ. ಅವರ ಮಾತನ್ನು ಈಗಲೇ, ಅವರದೇ ಭಾಷೆಯಲ್ಲಿ ದಾಖಲು ಮಾಡಿಕೊಳ್ಳಬೇಕು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಶರಣಾಯಿತು ಎಂದು ಪಾಠದಲ್ಲಿ ಓದುವ ಮಗು, ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ತನ್ನ ತಾಲ್ಲೂಕಿನ ಗುಡ್ಡದ ಮೇಲೆ ಯಾರು ರಾತ್ರಿ ಕಳೆದರು, ಅವರಿಗೆ ರೊಟ್ಟಿ ಯಾರು ಮುಟ್ಟಿಸಿದರು ಎಂದು ಕೇಳಬೇಕು. ಹಿಂದೂ ಮುಸ್ಲಿಂ ಎರಡೂ ಮನೆಗಳ ನೆನಪು ಅದರಲ್ಲಿ ಬರಬೇಕು, ಆ ವರ್ಷ ಎರಡೂ ಕಡೆ ನೋವು ಇಳಿದದ್ದು ನಿಜ. ಕಟ್ಟಡ ಎರಡು ವರ್ಷ ತಡವಾದರೂ ನಡೆಯುತ್ತದೆ, ಈ ಕೆಲಸ ತಡವಾದರೆ ನಡೆಯುವುದಿಲ್ಲ.

ಮಳಿಗೆಗಳನ್ನು ಹೆಂಗಸರ ಬಚತ್ ಗಟ್‌ಗಳಿಗೆ, ಅಂದರೆ ಸ್ವಸಹಾಯ ಗುಂಪುಗಳಿಗೆ, ಕೊಡಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಸಿಗಲಿ. ಬಾಟಲಿ ನೀರು ಮಾರುವುದಕ್ಕಿಂತ ತುಂಬಿಕೊಳ್ಳುವ ನಲ್ಲಿ ಇಡಿ.

ಮಹಾರಾಷ್ಟ್ರದಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ಗ್ರಾಮಸಭೆ ಸೇರುವ ರೂಢಿ ಇದೆ. ದೇವರ್ಜನದ ಮುಂದಿನ ಗ್ರಾಮಸಭೆಯಲ್ಲೇ ಇದು ಚರ್ಚೆಗೆ ಬರಲಿ. ಜಾಗ ಯಾವುದು, ಟಾಕಿ ಎಷ್ಟು ದೊಡ್ಡದು, ಕೀಲಿ ಯಾರ ಕೈಯಲ್ಲಿ, ಗುಡಿಸುವವರ ಪಗಾರ ಯಾವ ಖಾತೆಯಿಂದ ಎಂಬ ನಾಲ್ಕು ಪ್ರಶ್ನೆಗಳಿಗೆ ಊರವರು ಉತ್ತರ ಬರೆದು ಠರಾವು ಮಾಡಲಿ, ಆಮೇಲೆ ಜಿಲ್ಲಾ ಕಚೇರಿ ನಕ್ಷೆ ಬರೆಸಲಿ. ಸಭೆಗೆ ಹೆಂಗಸರು ಬಂದು ಕೂರುವ ಹಾಗೆ ಹೊತ್ತು ಗೊತ್ತುಮಾಡಿ, ಅಡಿಗೆ ಹೊತ್ತಿನಲ್ಲಿ ಬೇಡ. ಡಿಪೋದ ಲೆಕ್ಕ ಬಿಡಿಸಿ ಓದಲು ಯಾರಾದರೂ ಬೇಕಾದರೆ ನಾನು ವಲಾಂಡಿಯಿಂದ ಬರುತ್ತೇನೆ. ಕನ್ನಡ ಫಲಕದ ಬರಹವನ್ನೂ ಬರೆದುಕೊಡುತ್ತೇನೆ.